ದನದ ತೊಟ್ಟಿಯಲ್ಲಿ ಅತಿಥಿ ಸ್ನಾನ

ನೆಬ್ರಾಸ್ಕಾದ ಮರಳುಗುಡ್ಡಗಳ ಸೀಮೆಯಲ್ಲಿ ದನ ಸಾಕಿಕೊಂಡಿದ್ದ ಲೈಲ್ ಪೆಡರ್ಸನ್ ಆರಡಿ ಮೀರಿದ ಆಳು. ಆ ವರ್ಷದ ಬೇಸಿಗೆಯನ್ನೆಲ್ಲ ಅವನು ಐದಡಿ ಹಾಸಿಗೆಯಲ್ಲಿ ಕಳೆದ. ಮಿಕ್ಕ ಕಾಲನ್ನು ಎಲ್ಲಿಟ್ಟ ಅಂತ ಕೇಳಬೇಡಿ. ಮಡಿಸಿದರೆ ಮಂಡಿ ಗೋಡೆಗೆ ಬಡಿಯುತ್ತಿತ್ತು, ಚಾಚಿದರೆ ಪಾದ ಒಲೆಗೆ ತಗುಲುತ್ತಿತ್ತು. ಒಂದು ದಿನ ಬಾಗಿಲು ತೆಗೆದು ಕಾಲು ಹೊರಗೆ ಬಿಟ್ಟು ಮಲಗಿದ್ದಕ್ಕೆ, ಬೆಳಗಾಗುವಷ್ಟರಲ್ಲಿ ಹೆಬ್ಬೆರಳ ಮೇಲೊಂದು ಹಕ್ಕಿ ಹುಲ್ಲು ತಂದು ಗೂಡಿಗೆ ಪಾಯ ಹಾಕಿತ್ತು.

ಹಾಗಂತ ಅವನಿಗೆ ಮನೆ ಇಲ್ಲದಿರಲಿಲ್ಲ. ಅಲ್ಲೇ ಎದುರಿಗೆ ಅವನ ಅಜ್ಜ ಕಟ್ಟಿದ ಮನೆಯಿತ್ತು, ಒಳಗೆ ಅವನ ಅಳತೆಗೇ ಮಾಡಿಸಿದ ಮಂಚವಿತ್ತು. ಮಂಚದ ಮೇಲೆ ಮಾತ್ರ ಯಾರ್ಯಾರೋ ಮಲಗುತ್ತಿದ್ದರು. ಹೆಂಡತಿ ನೋರೀನ್ ಮನೆಯನ್ನು ದಿನಬಾಡಿಗೆಗೆ ಬಿಟ್ಟಿದ್ದಳು. ಗಂಡಹೆಂಡಿರಿಬ್ಬರೂ ಅಂಗಳದಾಚೆಯ ಹಳೇ ಟ್ರೇಲರ್ ಗಾಡಿಮನೆ ಸೇರಿಕೊಂಡಿದ್ದರು.

ಮೊದಲು ಕೊಟ್ಟಿದ್ದು ಒಂದೇ ಕೋಣೆ. ಆದರೆ ಸುತ್ತಮುತ್ತ ದನ ಇದ್ದವರೆಲ್ಲ ಇದೇ ಕಸುಬಿಗೆ ಇಳಿದಿದ್ದರು. ಎಲ್ಲರ ಮನೆಯಲ್ಲೂ ಗಾಡಿಚಕ್ರದ ದೀಪ, ಎಲ್ಲರ ಗೋಡೆಗೂ ಹೋರಿಯ ಕೊಂಬು. ಯಾವನೋ ಅತಿಥಿ ಹೋಗುವಾಗ ಬರೆದುಬಿಟ್ಟ: 'ಚೆನ್ನಾಗಿದೆ. ನೆನಪಲ್ಲಿ ಉಳಿಯುವಂಥದ್ದೇನೂ ಇಲ್ಲ.' ಆ ಮಾತು ನೋರೀನಳ ಕಾಲಿಗೆ ಚುಚ್ಚಿದ ಮುಳ್ಳಾಯಿತು. ಅಡುಗೆಮನೆಗೆ ಹಸಿರು ಬಳಿದಳು. ಕತ್ತಲೆ ಎಂದರು. ಬಿಳಿ ಬಳಿದಳು. ಆಸ್ಪತ್ರೆಯ ಹಾಗಿದೆ ಎಂದರು. ಹಳದಿ, ನೀಲಿ, ಮತ್ತೆ ಹಸಿರು. ಬಣ್ಣದ ಮೇಲೆ ಬಣ್ಣ ಕೂತು ಗೋಡೆ ದಪ್ಪವಾಗಿ, ಕೊನೆಗೆ ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆಯದೆ ಹಾಲನ್ನು ಓರೆ ಮಾಡಿ ತೆಗೆಯಬೇಕಾಯಿತು. ಊಟದ ಮೇಜಿಗೆ ಕುರ್ಚಿಯ ಬದಲು ಕುದುರೆಯ ಜೀನು ಹಾಕಿಸಿದಳು. ಒಮಾಹಾದ ಒಬ್ಬ ದಪ್ಪನೆಯ ಸಾಹೇಬ ಸೂಪು ಕುಡಿಯುತ್ತಲೇ ಅದರ ಮೇಲಿಂದ ಬಿದ್ದ. ದಿನವಿಡೀ ದನದ ಹಿಂದೆ ಅಲೆದು ಬಂದ ಲೈಲ್ ಸಂಜೆ ಮತ್ತೆ ಸೋಫಾ ಹೊರಬೇಕು, ಹಲಗೆ ಹೊಡೆಯಬೇಕು, ಅಂಗಳದಲ್ಲಿ ಹಗ್ಗದ ಉಯ್ಯಾಲೆ ಕಟ್ಟಬೇಕು. ಬೆನ್ನು ಸೆಟೆದು ಅವನು ನಡೆಯುವುದೇ ಬಾಗಿಲಿನ ಹಾಗಾಗಿತ್ತು, ತಿರುಗಿದರೆ ಇಡೀ ಮೈ ತಿರುಗಬೇಕು.

ಆಗಸ್ಟ್ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವನು ಕಾಫಿ ಲೋಟ ಕೆಳಗಿಟ್ಟ.

"ನೋರೀನ್, ನನ್ನ ಕೈಲಾಗಲ್ಲ ಕಣೆ. ನನ್ನ ಮಂಚ ನಂಗೆ ಕೊಡು."

"ಇನ್ನೊಂದೇ ಒಂದು ಯೋಚನೆ ಇದೆ ಮಾರಾಯ."

"ಹೋದ ಸಲ ಜೀನು ಹಾಕ್ಸುವಾಗ್ಲೂ ಹಿಂಗೇ ಅಂದಿದ್ದೆ. ಪಾಪ, ಆ ಮನುಷ್ಯ ಇನ್ನೂ ಕುಂಟ್ತಾ ಇದ್ದಾನೋ ಏನೋ."

"ಇದೇ ಕೊನೆ. ಇದಕ್ಕೆ ಬರೋ ಮೊದಲನೇ ಅತಿಥಿ ಐದೂ ನಕ್ಷತ್ರ ಕೊಟ್ರೆ ಮನೆ ಅತಿಥಿಗಳದ್ದು. ಒಂದು ಕಡಿಮೆಯಾದ್ರೂ ಬೋರ್ಡು ಇಳಿಸಿ ಮನೆಗೆ ಹೋಗೋಣ. ಆಯ್ತಾ?"

ಇಬ್ಬರೂ ಕೈ ಕುಲುಕಿದರು. ಆ ಸೀಮೆಯಲ್ಲಿ ಕೈ ಕುಲುಕಿ ಆಡಿದ ಮಾತನ್ನು ಹೆಂಡತಿಯ ಹತ್ತಿರವೂ ಮುರಿಯುವ ಹಾಗಿಲ್ಲ.

ಆ ಯೋಚನೆ ಏನೆಂದರೆ, ಬಯಲಿನಲ್ಲಿ ಸ್ನಾನದ ತೊಟ್ಟಿ. ದನ ನೀರು ಕುಡಿಯುವ ಉದ್ದನೆಯ ತಗಡಿನ ತೊಟ್ಟಿಯನ್ನೇ ತಿಕ್ಕಿ ಫಳಫಳ ಮಾಡಿ, ಪಕ್ಕಕ್ಕೊಂದು ಸೌದೆ ಒಲೆ ಕೂರಿಸಿ, ಬಿಸಿನೀರಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡುವ ಏರ್ಪಾಡು. ಎಲ್ಲಿ ಇಡೋಣ ಅಂದಾಗ ನೋರೀನ್ ನೀರೆತ್ತುವ ಗಾಳಿಯಂತ್ರದ ಬುಡ ತೋರಿಸಿದಳು. ನೀರು ಅಲ್ಲೇ ಬರುತ್ತದೆ, ಗುಡ್ಡ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ, ಹಳೇ ಸಿಮೆಂಟು ಕಟ್ಟೆಯೂ ಇದೆ. ಲೈಲನ ಅಪ್ಪನ ಕಾಲದಿಂದ ದನಗಳು ನೀರು ಕುಡಿದದ್ದು ಅದೇ ಕಟ್ಟೆಯ ಮೇಲಿದ್ದ ತೊಟ್ಟಿಯಲ್ಲಿ. ಹೋದ ವರ್ಷವಷ್ಟೇ ಅವಕ್ಕೆ ಗುಡ್ಡದಾಚೆ ಬೇರೆ ತೊಟ್ಟಿ ಮಾಡಿ, ನಡುವೆ ಮುಳ್ಳುತಂತಿ ಎಳೆದಿದ್ದರು.

"ಆ ತಂತಿ ಫೋಟೋದಲ್ಲಿ ಅಡ್ಡ ಬರುತ್ತೆ. ಬಿಚ್ಚಾಕು," ಅಂದಳು ನೋರೀನ್.

ಲೈಲ್ ಇಕ್ಕಳ ಹಿಡಿದು ಸುಮ್ಮನೆ ನಿಂತ. ದನ ಕುಡಿದ ಜಾಗವನ್ನು ಮರೆಯುವುದಿಲ್ಲ. ಗಾಳಿಯಂತ್ರ ಕಿರ್‍ರೆಂದು ತಿರುಗಿ ತಗಡಿನ ಮೇಲೆ ನೀರು ಬಿದ್ದ ಸದ್ದು ಕೇಳಿದರೆ ಗುಡ್ಡ ದಾಟಿ ಬರುತ್ತವೆ. ಇದನ್ನು ಬಾಯಿಬಿಟ್ಟು ಹೇಳಬೇಕು ಅಂದುಕೊಂಡ. ಆಮೇಲೆ ತನ್ನ ಮಂಚ ನೆನಪಾಯಿತು. ತಲೆದಿಂಬಿನ ತಗ್ಗು ಕೂಡ ನೆನಪಾಯಿತು. ಬಾಯಿ ಮುಚ್ಚಿಕೊಂಡು ತಂತಿ ಬಿಚ್ಚಿದ.

ಸೆಪ್ಟೆಂಬರಿನಲ್ಲಿ ತೊಟ್ಟಿಯ ಮೊದಲ ಅತಿಥಿಗಳಾಗಿ ಡೆನ್ವರಿನಿಂದ ಇಬ್ಬರು ಅಕ್ಕತಂಗಿಯರು ಬಂದರು. ಅಕ್ಕ ಬ್ರಿಜೆಟ್ ಶಾಲೆಯೊಂದರ ನಿವೃತ್ತ ಮುಖ್ಯೋಪಾಧ್ಯಾಯಿನಿ, ಮುಖ ನೋಡಿದರೆ ಗಡಿಯಾರವೂ ಸರಿಯಾದ ಹೊತ್ತು ತೋರಿಸಬೇಕು. ತಂಗಿ ಥಿಯಾ ಅಕ್ಕನ ಚೀಲ ಹೊತ್ತುಕೊಂಡು ಹಿಂದೆ. ಬ್ರಿಜೆಟ್ ಬಂದವಳೇ ಕಿಟಕಿಯ ಅಂಚಿನ ಮೇಲೆ ಬೆರಳು ಎಳೆದು ಧೂಳು ನೋಡಿದಳು. ಲೈಲನಿಗೆ ಅವಳ ಮೇಲೆ ಪ್ರೀತಿಯೇ ಹುಟ್ಟಿತು. ಇಂಥವಳು ಐದು ಕೊಡುವುದುಂಟೇ?

ಸಂಜೆ ಒಲೆ ಉರಿಯಿತು, ಗಾಳಿಯಂತ್ರ ತಿರುಗಿತು, ನೀರು ಬಿತ್ತು. ಬ್ರಿಜೆಟ್ ಈಜುಡುಗೆ ತೊಟ್ಟು, ತಲೆಗೆ ಟವೆಲು ಸುತ್ತಿ, ಕೈಯಲ್ಲಿ ವೈನಿನ ಲೋಟ ಹಿಡಿದು ತೊಟ್ಟಿಗಿಳಿದು ಕಣ್ಣು ಮುಚ್ಚಿದಳು. ಲೈಲ್, ನೋರೀನ್ ಟ್ರೇಲರಿನ ಕಿಟಕಿಗೆ ಮುಖ ಒತ್ತಿಕೊಂಡು ನಿಂತಿದ್ದರು.

ಗುಡ್ಡದ ಮೇಲೆ ಮೊದಲು ಒಂದು ತಲೆ ಕಂಡಿತು. ಮುದಿ ಹಸು ಡಚೆಸ್, ಮಂದೆಯ ಯಜಮಾನಿ. ಅದರ ಹಿಂದೆ ಇಡೀ ಮಂದೆ, ಚರ್ಚು ಬಿಟ್ಟ ಜನದ ಹಾಗೆ ಸಾಲುಗಟ್ಟಿ ಇಳಿಯಿತು. ಡಚೆಸ್ ನೇರ ತೊಟ್ಟಿಗೆ ಬಂದು, ಬ್ರಿಜೆಟಳ ಹೆಗಲ ಪಕ್ಕ ಗದ್ದ ಊರಿ, ಸೊರ್‍ರೆಂದು ಕುಡಿಯಲಾರಂಭಿಸಿತು. ಬ್ರಿಜೆಟ್ ಕಣ್ಣು ಬಿಡದೆ, "ಥಿಯಾ, ಎಷ್ಟು ಸಲ ಹೇಳಿದ್ದೀನಿ, ಸದ್ದು ಮಾಡ್ಕೊಂಡು ಕುಡೀಬೇಡ ಅಂತ!" ಅಂದಳು. ಹಸು ಉತ್ತರವಾಗಿ ಅವಳ ಕೆನ್ನೆಯನ್ನು ಕಿವಿಯವರೆಗೂ ನೆಕ್ಕಿತು.

ಆಗ ಬಂತು ನೋಡಿ ಕೂಗು. ಆ ಕೂಗಿಗೆ ಗಾಳಿಯಂತ್ರ ಒಂದು ಸುತ್ತು ಹಿಂದಕ್ಕೆ ತಿರುಗಿತು ಅಂತ ಲೈಲ್ ಇವತ್ತಿಗೂ ಆಣೆ ಇಡುತ್ತಾನೆ. ಅಷ್ಟು ಹೊತ್ತಿಗೆ ತೊಟ್ಟಿಯ ಸುತ್ತ ಬರೀ ಮೂತಿಗಳು. ನೀರು ಇಳಿಯುತ್ತಾ ಬಂತು, ಮೇಡಂ ಮೇಲೇಳುತ್ತಾ ಬಂದರು.

"ಹೋಯ್ತು," ಅಂದ ಲೈಲ್, ಎದೆಯೊಳಗೆ ಹಬ್ಬವಾಗುತ್ತಿದ್ದರೂ ಮುಖ ಜೋಲು ಹಾಕಿಕೊಂಡು.

"ಹೋಯ್ತು," ಅಂದಳು ನೋರೀನ್. ಅವಳ ದನಿಯೂ ಯಾಕೋ ಅಷ್ಟೇನೂ ಕುಗ್ಗಿದಂತೆ ಕೇಳಲಿಲ್ಲ.

ಮಾರನೇ ದಿನ ಅಕ್ಕತಂಗಿಯರು ಹೊರಟುಹೋದರು. ಲೈಲ್ ಆಗಲೇ ತನ್ನ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಟ್ರೇಲರಿನ ಮೆಟ್ಟಿಲ ಮೇಲೆ ಕೂತಿದ್ದ. ಮಧ್ಯಾಹ್ನ ನೋರೀನಳ ಫೋನು ಟಿಣ್ ಅಂದಿತು. ಅವಳು ಓದಿ, ಪಕ್ಕದಲ್ಲಿ ಬಂದು ಕುಸಿದಳು.

"ಐದು ಕೊಟ್ಟಿದ್ದಾಳೆ."

"ನೂರಕ್ಕಾ?"

"ಐದಕ್ಕೆ ಐದು ಕಣೋ! ಕೇಳು. 'ಮೂವತ್ತು ವರ್ಷ ಎಲ್ಲರೂ ನನಗೆ ಹೆದರಿ ದೂರ ನಿಂತರು. ಆ ಹಸು ಒಂದೇ ಹೆದರಲಿಲ್ಲ.' ಫೋಟೋ ಬೇರೆ ಹಾಕಿದ್ದಾಳೆ. ಆಗ್ಲೇ ಚಳಿಗಾಲದವರೆಗೂ ಬುಕ್ಕಾಗ್ತಾ ಇದೆ."

ಲೈಲ್ ದಿಂಬಿನ ಮೇಲೆ ಮುಖ ಇಟ್ಟ. ಅವನ ಬೆನ್ನು ಅಲುಗಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಅವನಿಗೇ ತಿಳಿಯಲಿಲ್ಲ. ಪಕ್ಕದಲ್ಲಿ ಮೂಗು ಸೀಟುವ ಸದ್ದಾಯಿತು. ತಿರುಗಿ ನೋಡಿದರೆ ನೋರೀನ್ ನಿಜವಾಗಿಯೂ ಅಳುತ್ತಿದ್ದಳು.

"ಗೆದ್ದವಳು ನೀನು, ಯಾಕೆ ಅಳ್ತೀಯ?"

"ನಂಗೂ ಸಾಕಾಗಿದೆ ಲೈಲ್. ದಿನಾ ಯಾರದೋ ಚಾದರ ಒಗೆದು ಒಗೆದು ಕೈ ಬಿದ್ದುಹೋಗಿದೆ. ಆದ್ರೆ ತಂಗಿ ಹತ್ರ, ಚರ್ಚಲ್ಲಿ, ಎಲ್ಲಾರ ಹತ್ರ ಜಂಬ ಕೊಚ್ಕೊಂಡ್ಬಿಟ್ಟಿದ್ದೆ. ನಾನಾಗಿ ನಿಲ್ಸೋಕೆ ಮುಖ ಇರ್ಲಿಲ್ಲ."

ಲೈಲ್ ನಿಧಾನವಾಗಿ ತಲೆ ಎತ್ತಿದ. "ಹಂಗಾದ್ರೆ ಆ ತಂತಿ..."

"ಹುಟ್ಟಿದಾಗಿಂದ ದನದ ಜೊತೆ ಇರೋಳು ನಾನು. ಅವು ಬರ್ತಾವೆ ಅಂತ ಗೊತ್ತಿಲ್ದೆ ಬಿಚ್ಚಿಸಿದ್ನಾ?"

"ನಂಗೂ ಗೊತ್ತಿತ್ತು ಕಣೆ."

ಆಮೇಲೆ ಲೈಲ್ ಕೇಳಿದ, "ಮನೆ ಬಗ್ಗೆ ಏನು ಬರ್ದಿದ್ದಾಳೆ? ಬಣ್ಣ? ದೀಪ?"

ನೋರೀನ್ ಕಣ್ಣೊರೆಸಿಕೊಂಡು ಮೇಲಿಂದ ಕೆಳಗೆ ಹುಡುಕಿದಳು. "ಏನೂ ಇಲ್ಲ. ಬರೀ ಹಸು."

"ಬುಕ್ ಮಾಡ್ತಿರೋರು?"

"ಅವರೂ ಹಸು ಬರುತ್ತಾ, ನೆಕ್ಕುತ್ತಾ ಅಂತಾನೇ ಕೇಳ್ತಿದ್ದಾರೆ. ಮನೆ ಮಾತು ಒಬ್ರೂ ಎತ್ತಿಲ್ಲ."

"ಹಸು ನೋಡೋಕೆ ಬರೋರಿಗೆ ನನ್ನ ಮಂಚ ಯಾಕಮ್ಮ?"

ನೋರೀನ್ ಅವನನ್ನು ನೋಡಿದಳು, ಹಿಂದಿದ್ದ ಟ್ರೇಲರನ್ನು ನೋಡಿದಳು. ಆ ಬೇಸಿಗೆಯಲ್ಲಿ ಅವಳು ಮೊದಲ ಸಲ ಬಾಯ್ತುಂಬ ನಕ್ಕದ್ದು ಆಗಲೇ. ಅತಿಥಿ ಐದು ನಕ್ಷತ್ರ ಕೊಟ್ಟರೆ ಮನೆ ಅತಿಥಿಗಳದ್ದು ಅಂತ ಕೈ ಕುಲುಕಿದ ಮಾತನ್ನು ಮುರಿಯುವ ಹಾಗಿಲ್ಲ, ಆದರೆ ಇಬ್ಬರೂ ಒಪ್ಪಿ ಬದಲಾಯಿಸಬಹುದಲ್ಲ? ಅವಳು ಬಲಗೈ ಚಾಚಿದಳು. "ಹೊಸ ಮಾತು?"

"ಹೊಸ ಮಾತು," ಅಂದ ಲೈಲ್, ಕೈ ಕುಲುಕಿದ.

ಟ್ರಾಕ್ಟರು ಕಟ್ಟಿ ಟ್ರೇಲರನ್ನು ತೊಟ್ಟಿಯ ಪಕ್ಕಕ್ಕೆ ಎಳೆದರು. ಇನ್ನು ಮಲಗುವುದು ಈ ಗಾಡಿಯಲ್ಲಿ, ಜಾಗ ಇಕ್ಕಟ್ಟು ಅಂತ ನೋರೀನ್ ಬುಕ್ ಮಾಡಿದವರಿಗೆಲ್ಲ ಇದ್ದದ್ದು ಇದ್ದಹಾಗೆ ಬರೆದು ಬಾಡಿಗೆ ಇಳಿಸಿದಳು. ಅರ್ಧ ಜನ ಕೈಬಿಟ್ಟರು. ಮಿಕ್ಕವರು, ಹಸು ಗ್ಯಾರಂಟಿ ತಾನೇ ಅಂದರು.

ಗ್ಯಾರಂಟಿ ಕೊಡುವ ಕೆಲಸ ಲೈಲನ ಪಾಲಿಗೆ ಬಂತು. ಮೋಡ ಕವಿದ ಸಂಜೆ ದನಗಳಿಗೆ ಬಾಯಾರಿಕೆಯಾಗುವುದಿಲ್ಲ. ಆಗ ಅವನು ಹಿಂಡಿಯ ಬಕೆಟ್ಟು ಅಲುಗಾಡಿಸುತ್ತಾ ಗುಡ್ಡ ಹತ್ತಿ, "ಬಾರಮ್ಮ ಡಚೆಸ್, ಶಿಕಾಗೋದವರು ಕಾಯ್ತಾ ಇದ್ದಾರೆ, ನೆನೆದು ನೆನೆದು ಕೈಯೆಲ್ಲಾ ಸುಕ್ಕಾಗಿದೆ," ಎಂದು ಓಲೈಸಿ ಕರೆತರಬೇಕು. ಮಂಡಿ ಇನ್ನೂ ನೋಯುತ್ತಿತ್ತು. ಬೆನ್ನು ಇನ್ನೂ ಬಾಗಿಲೇ. ಮಂದೆಯನ್ನು ತೊಟ್ಟಿಯ ಕಡೆ ತಿರುಗಿಸಿ, ಮೊದಲನೇ ಕಿರುಚು ಕೇಳಿಸಿಕೊಂಡು, ಬಕೆಟ್ಟನ್ನು ಬೇಲಿಯ ಗೂಟಕ್ಕೆ ನೇತುಹಾಕಿ ಮನೆಗೆ ನಡೆಯುತ್ತಿದ್ದ. ಎರಡನೇ ಕಿರುಚು ಏಳುವ ಹೊತ್ತಿಗೆ ಅವನು ಬೂಟು ಬಿಚ್ಚದೆ ತನ್ನ ಮಂಚದ ಮೇಲೆ ಬಿದ್ದಿರುತ್ತಿದ್ದ, ಕಾಲು ಚಾಚಿಕೊಂಡು.