ಕೈ ತೆಗಿ

ಅಪ್ಪನಿಗೆ ತಾಳ್ಮೆ ಇರಲಿಲ್ಲ. ಸ್ವಲ್ಪವೂ ಇರಲಿಲ್ಲ, ಈಗ ಕಿಟಕಿಯ ಪಕ್ಕ ಕೂತು ರಟ್ಟಿನ ಅಂಚಿಗೆ ಗೋಂದು ಸವರುತ್ತಿರುವ ಆ ಕೈ ಎಷ್ಟು ನಿಧಾನ, ಕುಂಚದ ಕೂದಲೊಂದು ಉದುರಿ ಅಂಟಿಕೊಂಡರೆ ಉಗುರಿನಿಂದ ಮೆಲ್ಲಗೆ ಬಿಡಿಸುತ್ತಾನೆ, ಮೊದಲಾಗಿದ್ದರೆ ಕುಂಚ ಗೋಡೆಗೆ ಬಡಿಯುತ್ತಿತ್ತು, ಕುಂಚ ಮಾರಿದವನ ಅಪ್ಪ ಅಜ್ಜ ಎಲ್ಲರೂ ಅಂಗಡಿಗೆ ಬಂದು ಬೈಸಿಕೊಂಡು ಹೋಗುತ್ತಿದ್ದರು — ಅಂಗಿಯ ಗುಂಡಿಗೆ ಆ ರಟ್ಟಿನ ತುಂಡು ತೂಗುತ್ತಿದೆ, ಮೌನ ಎಂದು ಬರೆದದ್ದು, ಪುಸ್ತಕ ಹೊಲಿಯುವ ದಾರದಲ್ಲೇ ಕಟ್ಟಿಕೊಂಡಿದ್ದಾನೆ, ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ರಟ್ಟಿಗೂ ದಾರಕ್ಕೂ ಏನು ಬರ. ಇವತ್ತು ಚಿಕ್ಕಪ್ಪ ಬರುತ್ತಾನೆ, ಬೆರಳು ಹೋದಮೇಲೆ ಮೊದಲ ಸಲ, ಅಪ್ಪ ಅವನ ಹತ್ತಿರ ಒಂದು ಮಾತಾಡಬೇಕು, ಒಂದೇ ಒಂದು, ನಿನ್ನೆ ಫೋನಿನಲ್ಲಿ ಹೇಳಿದನಲ್ಲ, ಪುಟ್ಟೀ, ನಿಮ್ಮಪ್ಪ ಬಾಯಿ ಬಿಟ್ರೆ ಕೆಲಸಕ್ಕೆ ಇರ್ತೀನಿ, ಇಲ್ಲಾಂದ್ರೆ ನನ್ನ ದಾರಿ ನಂಗೆ, ಗೋಡೆ ಜೊತೆ ಎಷ್ಟು ದಿನ ಅಂತ ಕೆಲಸ ಮಾಡ್ಲಿ. ಸೂಜಿ ಬೆರಳಿಗೆ ಚುಚ್ಚಿತು, ರಕ್ತ ಹಾಳೆಗೆ ತಾಗಬಾರದು, ಬಾಯಿಗಿಟ್ಟು ಚೀಪುತ್ತೇನೆ, ಉಪ್ಪು, ಆವತ್ತು ನೆಲಕ್ಕೆ ಮರದಪುಡಿ ಚೆಲ್ಲಿ ಗುಡಿಸಿದೆ, ಆಮೇಲೂ ಕಪ್ಪಗೊಂದು ಗುರುತು ಉಳಿಯಿತು, ಅದರ ಮೇಲೆ ಅಪ್ಪ ಕುರ್ಚಿ ಎಳೆದಿಟ್ಟ, ಮುಚ್ಚಿದ ತುಟಿ.

ಬೈಗುಳ ಬಿಡಿಸಿದ್ದು ಅಮ್ಮ, ಅವಳನ್ನು ತಪ್ಪು ಎನ್ನಲಾಗುವುದಿಲ್ಲ, ಮದುವೆಯಾದಾಗಿನಿಂದ ಕೇಳಿ ಕೇಳಿ ಅವಳ ಕಿವಿ ದಡ್ಡುಗಟ್ಟಿತ್ತು, ಅವಳೇ ಅಪ್ಪನನ್ನು ಪ್ರವಚನಕ್ಕೆ ಎಳೆದುಕೊಂಡು ಹೋದದ್ದು, ಮೆಟ್ಟಿಲು ಹತ್ತುವಾಗ, ಅಲ್ಲಿ ಯಾರಿಗೂ ಬಯ್ಯಬೇಡಿ, ನಿಮ್ಮ ದಮ್ಮಯ್ಯ, ಎಂದಳು. ಸ್ವಾಮಿಗಳು ಒಳ್ಳೆಯವರು, ನಾನು ಸುಳ್ಳು ಹೇಳಬಾರದು, ನಮಗಿಂತ ಸರಳ ಭಾಷೆ ಅವರದು, ಕೋಪ ಬಿಡಿ, ಪರನಿಂದೆ ಬಿಡಿ, ಹೊಟ್ಟೆಕಿಚ್ಚು ಬಿಡಿ, ಕ್ಷಮೆ ಬೆಳೆಸಿಕೊಳ್ಳಿ, ದಯೆ ಬೆಳೆಸಿಕೊಳ್ಳಿ, ನಾಲಿಗೆಯನ್ನು ಗೆದ್ದವನಿಗೆ ಉಳಿದದ್ದು ಸುಲಭ, ಆಡುವ ಮಾತು ನಿಜವಿರಲಿ, ಮೆತ್ತಗಿರಲಿ, ಕೇಳುವವನಿಗೆ ಒಳ್ಳೆಯದು ಮಾಡಲಿ. ಅಪ್ಪ ಎಲ್ಲ ಕೇಳಿ ನಾಲಿಗೆಯನ್ನು ಮಾತ್ರ ಹಿಡಿದುಕೊಂಡ, ಹರಿತ ಇದ್ದದ್ದು ಅದೊಂದೇ ಅಲ್ಲವೆ, ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ ಮಾತೇ ಇಲ್ಲ ಎಂದು ವ್ರತ. ಅಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು, ಮನೆ ತಣ್ಣಗಾಯ್ತು ಕಣೇ. ನಿಜ, ತಣ್ಣಗಾಯಿತು, ನನಗೂ ಹಿತವಾಗಿತ್ತು. ಗಿರಾಕಿಗಳು ರಟ್ಟಿನ ತುಂಡು ಓದಿ ದನಿ ತಗ್ಗಿಸುತ್ತಿದ್ದರು, ಪಕ್ಕದ ಔಷಧಿ ಅಂಗಡಿಯವನು ಕೈ ಮುಗಿದೇ ಬಿಟ್ಟ, ಏನ್ ಸಾರ್, ನಿಮ್ಮ ಮುಖದಲ್ಲಿ ಕಳೆ ಬಂದ್ಬಿಟ್ಟಿದೆ, ಆಗ ಅಪ್ಪ ಕಣ್ಣು ಅರೆ ಮುಚ್ಚಿದ ರೀತಿ — ನಾನು ನೋಡಿದೆ, ಚಿಕ್ಕಪ್ಪನೂ ನೋಡಿದ, ನನ್ನ ಕಿವಿಯ ಹತ್ತಿರ ಬಗ್ಗಿ, ಬೈಯೋ ಚಟ ಹೋಗಿ ಹೊಗಳಿಸಿಕೊಳ್ಳೋ ಚಟ ಬಂತು ನೋಡೇ. ನಕ್ಕೆವು. ಅಪ್ಪ ನಮ್ಮತ್ತ ತಿರುಗಿದ, ಬಯ್ಯಲಿಲ್ಲ, ಬಯ್ಯದೇ ಇದ್ದದ್ದು ಕ್ಷಮೆಯೋ, ಮನಸ್ಸಿನೊಳಗೆ ಬೈದುಕೊಂಡನೋ, ಯಾರಿಗೆ ಗೊತ್ತಾಗಬೇಕು, ಮುಚ್ಚಿದ ತುಟಿ ಎರಡಕ್ಕೂ ಒಂದೇ ಥರ.

ಕಟಿಂಗ್ ಮಶೀನು ಮೂಲೆಯಲ್ಲಿ ಹಾಗೇ ಇದೆ, ಮೇಲೆ ಬಟ್ಟೆ ಹೊದಿಸಿದ್ದಾರೆ. ಚಿಕ್ಕಪ್ಪ ಎದುರಿಗೆ ನಿಂತು ಹಾಳೆಗಳ ಕಟ್ಟು ಜೋಡಿಸುವುದು, ನಾನು ಪಕ್ಕದಲ್ಲಿ ನಿಂತು ಉದ್ದನೆಯ ಹಿಡಿ ಎಳೆಯುವುದು, ಎಳೆದರೆ ಬ್ಲೇಡು ಇಳಿಯುತ್ತದೆ, ನಾನು ನಿಲ್ಲುವಲ್ಲಿಂದ ಅವನ ಕೈ ಕಾಣುವುದಿಲ್ಲ, ಅಡ್ಡಕ್ಕೆ ಕಬ್ಬಿಣ. ಕಾಣುವುದು ಮೇಜಿನ ಆಚೆ ಕೂತ ಅಪ್ಪನಿಗೆ. ನಾನು ಹುಟ್ಟುವ ಮುಂಚಿನಿಂದ ಪ್ರತಿ ಸಲವೂ, ಬ್ಲೇಡು ಇಳಿಯುವ ಮುಂಚೆ ಅಪ್ಪ ಕೂಗುತ್ತಿದ್ದ, ಕೈ ತೆಗಿಯೋ ಕತ್ತೆ, ಆಮೇಲೆ, ಎಳಿ. ದಿನವಿಡೀ ಅದೇ, ಬೀದಿಯಲ್ಲಿ ಹೋಗುವವರು ನಗುತ್ತಿದ್ದರು, ಚಿಕ್ಕಪ್ಪನಿಗೆ ಅದು ಬೈಗುಳ ಅನ್ನಿಸುವುದೇ ನಿಂತುಹೋಗಿತ್ತು, ಊಟಕ್ಕೆ ಕರೆದ ಹಾಗೆ. ವ್ರತ ಹಿಡಿದಮೇಲೆ ಬೆಳಗಿನ ಹೊತ್ತು ಚಿಕ್ಕಪ್ಪನೇ ಹ್ಞೂಂ ಅನ್ನುವುದು, ನಾನು ಎಳೆಯುವುದು. ಆವತ್ತೂ ಹ್ಞೂಂ ಅಂದ, ನಾನು ಎಳೆಯತೊಡಗಿದೆ, ಹ್ಞೂಂ ಅಂದಮೇಲೆ ಅವನಿಗೆ ಒಂದು ಹಾಳೆ ಹೊರಗೆ ಚಾಚಿದ್ದು ಕಂಡಿರಬೇಕು, ಬೆರಳಿನಿಂದ ಒಳಗೆ ತಳ್ಳಲು ಹೋದ, ಇಷ್ಟು ವರ್ಷ ಹಾಗೇ ತಳ್ಳುತ್ತಿದ್ದ, ಅಪ್ಪ ಇದ್ದಾನೆ, ಕೂಗುತ್ತಾನೆ ಎಂಬ ಧೈರ್ಯಕ್ಕೆ. ಅಪ್ಪ ನೋಡಿದ. ನಾನು ಅಪ್ಪನನ್ನು ನೋಡಿದೆ, ಕುರ್ಚಿ ಬಿತ್ತು, ಗೋಂದಿನ ಡಬ್ಬಿ ಉರುಳಿತು, ಮೇಜು ಸುತ್ತಿ ಎರಡೂ ಕೈ ಚಾಚಿ ಓಡಿ ಬಂದ, ಕಣ್ಣು ಇಷ್ಟಗಲ, ಕುತ್ತಿಗೆಯ ನರ ಉಬ್ಬಿ, ಒಳಗಿನಿಂದ ಏನೋ ಗುದ್ದುತ್ತಿತ್ತು, ತುಟಿ ಮಾತ್ರ ಹೊಲಿದ ಹಾಗೆ. ಓಡಿದ. ಕೂಗಲಿಲ್ಲ. ಕೂಗಿದ್ದರೆ ನನ್ನ ಕೈ ನಿಲ್ಲುತ್ತಿತ್ತು, ಆ ಕೂಗಿಗೆ ನಿಲ್ಲುವುದು ಅದಕ್ಕೆ ಅಭ್ಯಾಸ.

ಆವತ್ತಿನಿಂದ ಪೂರ್ತಿ ಮೌನ, ಮಧ್ಯಾಹ್ನವೂ ಇಲ್ಲ, ರಾತ್ರಿಯೂ ಇಲ್ಲ, ಪ್ರಾಯಶ್ಚಿತ್ತವಂತೆ, ಕೇಳಿದವರು ಎಂಥ ಮನುಷ್ಯ ಅನ್ನುತ್ತಾರೆ. ಸ್ವಾಮಿಗಳೇ ಬಂದು ಅಂದರು, ಇದು ತಪಸ್ಸಲ್ಲಪ್ಪ, ಹೋಗಿ ತಮ್ಮನ ಹತ್ರ ತಪ್ಪಾಯ್ತು ಅನ್ನು. ಅಪ್ಪ ಅವರ ಕಾಲು ಮುಟ್ಟಿದ. ಅಷ್ಟೇ. ತಪ್ಪಾಯ್ತು ಅನ್ನಲು ಬಾಯಿ ತೆರೆಯಬೇಕು, ಬಾಯಿ ತೆರೆದರೆ ಆವತ್ತು ಯಾಕೆ ತೆರೆಯಲಿಲ್ಲ ಎಂಬ ಪ್ರಶ್ನೆಯೂ ಹೊರಗೆ ಬರುತ್ತದೆ — ಚಪ್ಪಲಿ ಸದ್ದು, ಚಿಕ್ಕಪ್ಪ. ಬಲಗೈ ಜೇಬಿನಲ್ಲಿ. ಏನಣ್ಣ, ಲೇಟಾಗಿ ಬಂದೆ, ಬಯ್ಯಲ್ವಾ. ಅಪ್ಪ ಎದ್ದು ನಿಲ್ಲುತ್ತಾನೆ, ಕುಂಚದಿಂದ ಗೋಂದು ತೊಟ್ಟಿಕ್ಕುತ್ತಿದೆ. ಮುಂಡೇದೇ ಅನ್ನು, ಕತ್ತೆ ಅನ್ನು, ಹಳೇದೇ ಯಾವುದಾದ್ರೂ ಅನ್ನು, ನಾನು ಅದಕ್ಕೇ ಬಂದಿರೋದು. ಕಿಟಕಿಯಲ್ಲಿ ನೊಣ. ಚಿಕ್ಕಪ್ಪ ಮೂಲೆಗೆ ಹೋಗಿ ಮಶೀನಿನ ಬಟ್ಟೆ ಕಿತ್ತೆಸೆದ, ಎಡಗೈಯನ್ನು ಬ್ಲೇಡಿನ ಕೆಳಗೆ ಇಟ್ಟ, ಹಿಡಿ ಹತ್ತಿರ ಯಾರೂ ಇಲ್ಲ, ನನಗೆ ಗೊತ್ತು ಯಾರೂ ಇಲ್ಲ, ಆದರೂ, ಈಗಾದ್ರೂ ಕೂಗ್ತೀಯಾ ಅಣ್ಣ ಎನ್ನುತ್ತಾನೆ, ನಗುತ್ತಾನೆ, ಅಪ್ಪನ ಕುತ್ತಿಗೆಯ ನರ — ಕೈ ತೆಗಿಯೋ ಕತ್ತೆ! ಯಾರ ದನಿ ಅದು, ನನ್ನದು, ಅಪ್ಪನದೇ ಗಂಟಲು ನನ್ನದರೊಳಗೆ, ಸೂಜಿ ನೆಲದ ಮೇಲೆ, ನಾನು ನಿಂತಿದ್ದೇನೆ. ಚಿಕ್ಕಪ್ಪ ಕೈ ತೆಗೆದ. ನನ್ನನ್ನು ನೋಡಿದ, ನೀನು ಕೂಗಿದೆಯಲ್ಲೇ ಪುಟ್ಟೀ, ಸಾಕು ಬಿಡು, ಬರ್ತೀನಿ. ಚಪ್ಪಲಿ ಸದ್ದು ಬೀದಿಗೆ ಇಳಿಯಿತು. ಅಪ್ಪ ಆಗಲೇ ಮೇಜು ಸುತ್ತಿ ಓಡಿ ಬಂದು ಮಶೀನಿನ ಮುಂದೆ ಎರಡೂ ಕೈ ಚಾಚಿ ನಿಂತಿದ್ದಾನೆ, ಅಲ್ಲಿ ಯಾರ ಕೈಯೂ ಇಲ್ಲ, ಕಣ್ಣು ಇಷ್ಟಗಲ, ತುಟಿ, ಮುಚ್ಚಿದ ತುಟಿ, ಆ ತುಟಿ. ಹೋದದ್ದು ತೋರುಬೆರಳು ಪೂರ್ತಿ, ನಡುಬೆರಳು ಅರ್ಧ, ಈಗ ಒಬ್ಬ ಚಿಕ್ಕಪ್ಪ.