ಸಿಪಾಯಿ ಪಾದ

ಐದು ಹೆಜ್ಜೆ, ಬಾಗಿಲಿನಿಂದ ನನ್ನ ಮೇಜಿನವರೆಗೆ ಸರಿಯಾಗಿ ಐದು, ಒಣ ಸಿಮೆಂಟಿನ ಮೇಲೆ ಒದ್ದೆ ಪಾದದ ಗುರುತು, ಹಿಮ್ಮಡಿ ದುಂಡಗೆ, ಬೆರಳುಗಳು ಕಡಲೆಕಾಳು ಜೋಡಿಸಿದ ಹಾಗೆ, ನಡುವೆ ಒಳಬದಿಯಲ್ಲಿ ನೀರೇ ತಾಗದ ಒಣ ಜಾಗ — ಸಿಪಾಯಿ ಪಾದ, ಮಾವ ಬದುಕಿದ್ದರೆ ಹಾಗೇ ಅನ್ನುತ್ತಿದ್ದ — ಈಯಮ್ಮ ದೇವಸ್ಥಾನಕ್ಕೆ ಬಂದ ಹಾಗೆ ಚಪ್ಪಲಿ ಹೊರಗೆ ಬಿಟ್ಟು ನಲ್ಲಿಯಲ್ಲಿ ಕಾಲು ತೊಳೆದು ಗುಬ್ಬಿ ಠಾಣೆಯೊಳಕ್ಕೆ ಬಂದಿದ್ದಾಳೆ, ಚಿಕ್ಕಮಾರಮ್ಮ ಅಂತೆ, ಮಗ ಚೈತನ್ಯ ಮಿಲಿಟರಿಗೆ ಸೆಲೆಕ್ಟ್ ಆಗಿದ್ದಾನೆ, ಅವನ ಮೇಲೆ ಯಾವ ಕೇಸೂ ಇಲ್ಲ ಎಂದು ಬರೆದು ಎಸ್‌ಐ ಆದ ನಾನು ಸಹಿ ಹಾಕಬೇಕು, ಅಷ್ಟೇ ಕೆಲಸ, ಪೆನ್ನಿನ ಕ್ಯಾಪು ತೆಗೆದಾಗಿದೆ, ಆದರೆ ಅವಳು ಮೇಜಿನ ಹತ್ತಿರಕ್ಕೆ ಬಗ್ಗಿ, ಆಕ್‌ಬ್ಯಾಡಿ ಸಾ, ಒಂದ್ ಹದ್ನೈದ್ ದಿನ ಇಟ್ಕೊಂಡ್‌ಬುಡಿ, ಓಗೋ ತಾರೀಕು ಕಳ್ದೋಗ್ಲಿ, ತುಮ್ಕೂರಲ್ಲಿ ಡಿಗ್ರಿ ಸೀಟು ಸಿಕ್ಕೈತೆ, ಓದ್ಕಂಡು ನಿಮ್ಮಂಗೆ ಎಸ್ಸೈ ಆಗ್ಲಿ. ಅವನಿಗೇನು ಬೇಕಂತೆ ಎಂದು ಕೇಳಿದೆ. ಮಿಲ್ಟ್ರಿ ಮಿಲ್ಟ್ರಿ ಅಂತ ಕುಣೀತಾವ್ನೆ, ಮುಗಿಸ್ಕೊಂಡು ಬಂದು ಪೋಲೀಸ್ ಆಯ್ತಾನಂತೆ, ಅತ್ತ ದರಿ ಇತ್ತ ಪುಲಿ ಆಗೈತೆ ಸಾ ನಂಗೆ, ಬ್ಯಾಡ ಅಂದ್ರೆ ಮಾತ್ ಬಿಡ್ತಾನೆ, ನಿಮ್ಮಿಂದ ತಡ ಆದ್ರೆ ಹಣೇಬರ ಅಂತ ಸುಮ್ಕಾಯ್ತಾನೆ.

ಹಣೆಬರಹ, ಎಷ್ಟು ಸುಲಭವಾಗಿ ಅಂದಳು — ನನಗೆ ಯಾರೂ ತಡ ಮಾಡಿಕೊಡಲಿಲ್ಲ, ನಾನೇ ಮಾಡಿಕೊಂಡೆ, ತೊಂಬತ್ತೇಳನೇ ಇಸವಿ, ಪಿಯುಸಿ ಮುಗಿದಿದೆ, ಕುಣಿಗಲ್ಲಿನ ಮಾವನ ಮನೆಯ ಹಿತ್ತಲು, ಮಾವ ಅಂದರೆ ಅಮ್ಮನ ಅಣ್ಣ, ಹೆಡ್ ಕಾನ್ಸ್‌ಟೇಬಲ್ ಪರಮಶಿವಯ್ಯ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ತನ್ನ ಒದ್ದೆ ಕಾಲಿಟ್ಟು ತೋರಿಸುತ್ತಾನೆ, ನೋಡ್ಲಾ ತಿಮ್ಮೇಶ, ಮಣೆ ಒತ್ತಿದಂಗೈತೆ, ನಡುಮಧ್ಯೆ ಹಳ್ಳಾನೇ ಇಲ್ಲ, ಇದಕ್ಕೇ ನನ್ನ ಮಿಲ್ಟ್ರಿಯೋರು ವಾಪಸ್ ಕಳ್ಸಿದ್ದು, ಆಗಿನ ಪೊಲೀಸ್ನೋರು ಎದೆ ನೋಡಿದ್ರು, ಪಾದ ನೋಡ್ಲಿಲ್ಲ, ಈಗ ನೀನಿಡು. ಇಟ್ಟೆ. ನಡುವೆ ಒಣ ಜಾಗ, ಚೊಕ್ಕವಾಗಿ, ಬಾಳೆಕಾಯಿಯಷ್ಟು ಅಗಲ. ಮಾವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದು ಆರುವ ತನಕ ನೋಡಿದ, ಸಿಪಾಯಿ ಪಾದ ಕಣ್ಲಾ, ಹದ್ನೈದ್ ವರ್ಷ ಅಲ್ಲಿರು, ಆಮೇಲೆ ಮಾಜಿ ಸೈನಿಕರ ಕೋಟಾದಾಗೆ ಪೊಲೀಸ್ಗೆ ಬಾ. ಅಮ್ಮ ಮಾತ್ರ ಕಾಲೇಜು ಅಂದಳು. ಇಬ್ಬರಿಗೂ ಹೂಂ ಅಂದೆ, ಅದೇ ನನ್ನ ರೋಗ. ಮೂರನೇ ದಿನ ತುಮಕೂರಿನ ಮೈದಾನದಲ್ಲಿ ಚಡ್ಡಿಯಲ್ಲಿ ನಿಂತ ಇನ್ನೂರು ಹುಡುಗರು, ಓಟ ಪಾಸು, ಎದೆ ಪಾಸು, ಕೊನೆಗೆ ಒದ್ದೆ ಗೋಣಿಚೀಲ ತುಳಿದು ಸಿಮೆಂಟ್ ಕಟ್ಟೆ ಹತ್ತಬೇಕು, ಡಾಕ್ಟರು ಬಗ್ಗಿ ನೋಡುತ್ತಾನೆ — ಆಗ ಪಾದವನ್ನು ಒಳಕ್ಕೆ ವಾಲಿಸಿ, ಮೈಭಾರವೆಲ್ಲ ಬಿಟ್ಟು ಒತ್ತಿದೆ, ಒಣ ಜಾಗ ಮುಚ್ಚಿಹೋಯಿತು, ಒತ್ತಿದ್ದು ನಾನೇ, ಹೆದರಿಕೆಯೋ, ಅವತ್ತು ಬಸ್ಸಿನ ಕಿಟಕಿಯಲ್ಲಿ ಕಂಡ ಕಾಲೇಜಿನ ಗೇಟೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ, ಎಷ್ಟು ಕಳ್ಳರ ಬಾಯಿ ಬಿಡಿಸಿದ್ದೇನೆ, ಈ ಒಬ್ಬನ ಬಾಯಿ ಮಾತ್ರ ಬಿಡಿಸಲಾಗಲಿಲ್ಲ. ಫ್ಲಾಟ್ ಫುಟ್, ನೆಕ್ಸ್ಟ್, ಅಂದ ಡಾಕ್ಟರು. ಗೇಟಿನಾಚೆ ಕಾದಿದ್ದ ಮಾವ ನನ್ನನ್ನು ಬೈಯಲಿಲ್ಲ, ಕಲ್ಲು ಓರೆಯಿತ್ತೇನೋ, ನಾನೇ ಸರ್ಯಾಗ್ ನೋಡ್ಲಿಲ್ಲ, ನನ್ ಕಾಲೇ ಬಂತಲ್ಲೋ ನಿಂಗೆ, ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂತ ನನ್ನ ಕೈ ಹಿಡಿದುಕೊಂಡ, ತಪ್ಪು ಮಾಡಿದವನ ಹಾಗೆ, ಅವನು. ನಾಚಿಕೆಯಿಂದ ಸತ್ತೇ ಹೋಗಬೇಕಿತ್ತು, ಅವನು ಕೊಡಿಸಿದ ಬೋಂಡ ತಿಂದೆ. ಕಾಲೇಜು, ಡಿಗ್ರಿ, ಎಸ್‌ಐ ಪರೀಕ್ಷೆ, ಪೊಲೀಸ್ ಮೆಡಿಕಲ್ಲಿನಲ್ಲಿ ಪಾದ ನೋಡಿ ಪಾಸು ಮಾಡಿದರು — ಆ ಸುದ್ದಿ ಕೇಳಿದಾಗ ಮಾವನಿಗೆ ಅನುಮಾನ ಬರಲಿಲ್ಲವೇ? ಬಂದಿರಬೇಕು, ಮೂವತ್ತು ವರ್ಷ ಸರ್ವೀಸಿನ ಪೊಲೀಸಿನವನು, ನಾನು ಕುಣಿಗಲ್ಲಿಗೆ ಡ್ಯೂಟಿ ಮೇಲೆ ಹೋದ ದಿನ ನನಗೇ ಸೆಲ್ಯೂಟ್ ಹೊಡೆದ, ಬೇಡ ಮಾವ ಅಂದರೆ, ಡ್ಯೂಟಿ ಸಾರ್ ಅಂದ, ಸೆಲ್ಯೂಟ್ ಹೊಡೆಯುವಾಗ ಅವನ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಬೂಟಿನ ಮೇಲಿತ್ತು. ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಕೇಳಲಿಲ್ಲ, ಹೋಗಿಬಿಟ್ಟ, ಎರಡು ವರ್ಷವಾಯಿತು.

ಸಾ, ಎನ್ನುತ್ತಿದ್ದಾಳೆ, ಎಷ್ಟು ಹೊತ್ತಿನಿಂದ ಪೆನ್ನು ಹಿಡಿದು ಕೂತಿದ್ದೇನೋ. ಬೇಡ ಅಂತ ಅವನ ಮುಖ ನೋಡಿ ಹೇಳಮ್ಮ, ಮಾತು ಬಿಟ್ರೆ ಬಿಡ್ಲಿ, ಹದಿನೈದು ದಿನಕ್ಕೆ ಮತ್ತೆ ಆಡ್ತಾನೆ, ಸುಳ್ಳು ಹೇಳಿ ಉಳಿಸ್ಕೊಂಡ್ರೆ ಸಾಯೋವರ್ಗೂ ನೀನೇ ಅವನ ಕಾಲು ನೋಡ್ತಾ ಇರ್ಬೇಕಾಗತ್ತೆ — ಕಾಲು ಯಾಕೆ ಅಂದೆನೋ, ಅವಳಿಗೆ ಅರ್ಥವಾಗಲಿಲ್ಲ, ಕಣ್ಣೊರೆಸಿಕೊಂಡಳು, ನಾನು ಸಹಿ ಹಾಕಿದೆ, ಅವಳು ತಾನು ಬಂದ ಹೆಜ್ಜೆಗಳ ಮೇಲೇ ನಡೆದು ಹೋದಳು. ಈಗ ಅವು ಆರುತ್ತಿವೆ, ಒಂದು ಮಾತ್ರ ಉಳಿದಿದೆ, ಮೇಜಿನ ನೆರಳಲ್ಲಿರುವುದು. ತುಮಕೂರಿನ ಆ ಮೈದಾನದ ದಿನದಿಂದ ನಾನು ನನ್ನ ಒದ್ದೆ ಪಾದದ ಗುರುತು ನೋಡಿಯೇ ಇಲ್ಲ, ಬಚ್ಚಲಿಗೂ ಚಪ್ಪಲಿ, ದೇವರಾಯನದುರ್ಗದ ದೇವಸ್ಥಾನದ ಮೆಟ್ಟಿಲಿಗೂ ಸಾಕ್ಸು, ಹೆಂಡತಿ ನಗುತ್ತಾಳೆ, ಹೇಗಿದೆಯೋ ಅದು, ಆ ಬಾಳೆಕಾಯಿ ಜಾಗ — ಬೂಟು ಬಿಚ್ಚಿದೆ, ಸಾಕ್ಸು ಬಿಚ್ಚಿದೆ, ಕುಡಿಯುವ ಚೊಂಬಿನ ನೀರು ಪಾದಕ್ಕೆ ಸುರಿದುಕೊಂಡೆ, ಬೂಟ್ ಕಚ್ತಾ ಸಾರ್ ಎಂದು ಠಾಣೆಯ ಬರವಣಿಗೆ ನೋಡುವ ರೈಟರ್ ಏಜಾಜ್ ಅಹಮದ್ ಬಾಗಿಲಲ್ಲಿ ನಿಂತು ಕೇಳುತ್ತಾನೆ, ಹೂಂ ಅಂದೆ, ಅವಳ ಗುರುತಿನ ಪಕ್ಕದಲ್ಲಿ ಇಟ್ಟೆ, ಒತ್ತಲಿಲ್ಲ, ವಾಲಿಸಲಿಲ್ಲ, ಸುಮ್ಮನೆ ಇಟ್ಟು ತೆಗೆದೆ. ಒಣ ಜಾಗವಿಲ್ಲ. ಭಾರ ಸರಿಮಾಡಿಕೊಂಡು ಮತ್ತೊಮ್ಮೆ ಇಟ್ಟೆ. ಬೂಟಿನಲ್ಲಿ ನಿಂತ ವರ್ಷಗಳೋ, ಏರಿದ ಮೈಭಾರವೋ, ಯಾವುದು ತುಂಬಿತು ಆ ಹಳ್ಳವನ್ನು, ನನ್ ಕಾಲೇ ಬಂತಲ್ಲೋ ನಿಂಗೆ — ಬಂತು ಮಾವ, ಈಗ ಬಂತು — ಹಿಮ್ಮಡಿಯಿಂದ ಬೆರಳಿನವರೆಗೆ ಪೂರ್ತಿ ಒದ್ದೆ, ಮಣೆ ಒತ್ತಿದ ಹಾಗೆ, ಪೂರ್ತಿ.