ಕದರಮ್ಮನ ಮನೆ, ಹೊರಗಿನಿಂದ ಕಂಡಂತೆ

ಮನೆಗೆ ಬೆಲೆ ಕಟ್ಟುವುದು ನನ್ನ ಕಸುಬು. ಬ್ಯಾಂಕಿನವರು ವಿಳಾಸ ಕಳಿಸುತ್ತಾರೆ, ನಾನು ಮರಳೂರಿನಿಂದ ಬೈಕ್ ಹತ್ತಿ ಹೋಗಿ ಮನೆ ನೋಡಿ, ಇಷ್ಟು ಬಾಳುತ್ತದೆ ಎಂದು ಬರೆದುಕೊಡುತ್ತೇನೆ. ಅದನ್ನು ನಂಬಿ ಅವರು ಸಾಲ ಕೊಡುತ್ತಾರೆ. ಇಷ್ಟು ವರ್ಷ ಅಡುಗೆಮನೆ, ಬಚ್ಚಲು, ಅಟ್ಟ ಎಲ್ಲ ನೋಡಿಯೇ ಬರೆದವನು ನಾನು. ಈಗ ಹೊಸ ಆರ್ಡರ್ ಬಂದಿದೆ: ಸಣ್ಣ ಸಾಲವಾದರೆ ಹೊರಗಿನಿಂದ ಮಾತ್ರ ನೋಡಬೇಕು. ಕುಣಿಗಲ್‌ನಲ್ಲಿ ಯಾವನೋ ಪುಣ್ಯಾತ್ಮ ಬಾಣಂತಿ ಮಲಗಿದ್ದ ಕೋಣೆಗೆ ನುಗ್ಗಿ ಫೋಟೊ ಹೊಡೆದನಂತೆ. ಅವನ ಘನಕಾರ್ಯಕ್ಕೆ ನಾವೆಲ್ಲ ಬೀದಿಯಲ್ಲಿ ನಿಲ್ಲಬೇಕಾಯಿತು.

ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುವ ಶಾಂತಲಾ ನನ್ನನ್ನು ಕೂರಿಸಿಕೊಂಡು ಹೇಳಿದ್ದರು. “ಹೊಸಿಲು ದಾಟಿದ್ರೆ ಆ ರಿಪೋರ್ಟ್ ಕ್ಯಾನ್ಸಲ್. ಬೇರೆ ಎಂಜಿನಿಯರ್ ಕಳಿಸಿ ಒಳಗೂ ಹೊರಗೂ ಪೂರ್ತಿ ನೋಡಿಸ್ತೀನಿ. ನಿಮಗೆ ಮತ್ತೆ ಕೆಲಸ ಕೊಡಲ್ಲ.”

ಸರಿ ತಾಯಿ, ಆದರೆ ಹೊರಗೆ ಅಂದರೆ ಎಷ್ಟು ಹೊರಗೆ? ಗೇಟು ದಾಟಿದರೆ ಒಳಗೋ ಹೊರಗೋ? ಜಗುಲಿ ಯಾವ ಲೆಕ್ಕ? ಅದನ್ನು ಯಾರೂ ಬರೆದಿರಲಿಲ್ಲ.

ಆ ದಿನ ಹೋಗಬೇಕಾಗಿದ್ದು ಗುಬ್ಬಿ ದಾಟಿ, ಬಿದರೆಹಳ್ಳಿ ಕಾವಲ್ ಕಡೆಯ ರಸ್ತೆಯಲ್ಲಿದ್ದ ಒಂದು ಮನೆಗೆ. ಮನೆ ಕದರಮ್ಮ ಎಂಬುವರ ಹೆಸರಲ್ಲಿತ್ತು. ಸಾಲ ಬೇಕಾಗಿದ್ದು ಅವರ ಮಗ ಗಂಗರಾಜುವಿಗೆ. ಅವನು ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. “ಇಷ್ಟ್ ದಿನ ಇನ್ನೊಬ್ರ ಮಷೀನ್ ತಿರುಗ್ಸಿದ್ದಾಯ್ತು ಸರ್. ಈಗ ನಂದೇ ಒಂದು ಹಾಕ್ಕೊಬೇಕು. ನಾನು ಡ್ಯೂಟೀಲಿರ್ತೀನಿ, ಅವ್ವ ಇರ್ತಾಳೆ, ನೀವು ನೋಡ್ಕೊಂಡ್ ಬನ್ನಿ” ಎಂದು ಫೋನಿನಲ್ಲಿ ಹೇಳಿದ್ದ.

ಬಿಸಿಲು ನೆತ್ತಿ ಸುಡುತ್ತಿತ್ತು. ಎದುರಿಗೆ ನೋಡಿದರೆ ಮನೆ ಚೆನ್ನಾಗಿಯೇ ಇತ್ತು. ಗಿಳಿಹಸಿರು ಬಣ್ಣ, ಚಾವಣಿಯ ಅಂಚಿಗೆ ಎತ್ತರದ ಪ್ಯಾರಪೆಟ್ ಗೋಡೆ, ಕಬ್ಬಿಣದ ಗೇಟು. ಗೇಟಿನಾಚೆ ನಿಂತು ಫೋಟೊ ತೆಗೆದೆ. ಪಕ್ಕದ ಗಲ್ಲಿಗೆ ಹೋಗಿ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದೆ. “ಯಾರ್ರೀ ಅದು, ಬಚ್ಚಲ ಕಿಟಕಿ ತಾವ?” ಎಂದು ಪಕ್ಕದ ಮನೆಯ ಮಹಡಿಯಿಂದ ಒಬ್ಬಾಕೆ ಗದರಿಸಿದರು. ಈ ವಯಸ್ಸಿನಲ್ಲಿ ಇಂಥ ಮಾತು ಕೇಳಬೇಕೆ! ಮೈಯೆಲ್ಲ ಬೆವರಿ ಮತ್ತೆ ಗೇಟಿನ ಹತ್ತಿರ ಬಂದು ನಿಂತೆ. ನಿಲ್ಲಲೂ ಆಗದು, ಹೋಗಲೂ ಆಗದು ಎನ್ನುವ ಹಾಗಾಗಿತ್ತು.

ಅಷ್ಟರಲ್ಲಿ ಕದರಮ್ಮ ಹೊರಗೆ ಬಂದರು. ಎಪ್ಪತ್ತರ ಆಸುಪಾಸು. ನನಗಾಗಿಯೇ ಉಟ್ಟಿದ್ದೇನೋ ಎಂಬಂತೆ ಮಡಿಕೆ ಬಿಚ್ಚಿದ ಸೀರೆ, ಕೈಯಲ್ಲಿ ಸ್ಟೀಲ್ ಲೋಟದ ತುಂಬ ನೀರು.

“ಬ್ಯಾಂಕಿನೋರಾ? ಯಾಕೆ ಬೀದೀಲಿ ನಿಂತಿದ್ದೀರಿ? ಬನ್ನಿ ಒಳಿಕೆ.”

“ಬೇಡ ಅಜ್ಜಿ, ಇಲ್ಲಿಂದಲೇ ಆಗುತ್ತೆ.”

“ನೀರಾದ್ರೂ ಕುಡೀರಿ.”

“ಬಾಟ್ಲಿ ಇದೆ ಅಜ್ಜಿ.” ಬ್ಯಾಗು ತಟ್ಟಿ ತೋರಿಸಿದೆ. ನಿಯಮ ಪಾಲಿಸುವ ಗಡಿಬಿಡಿಯಲ್ಲಿ ಬಾಯಿಗೆ ಬಂದ ಮಾತು ಅದು.

ಅವರು ನನ್ನನ್ನು ಒಂದು ಗಳಿಗೆ ನೋಡಿದರು. “ನಿಮ್ಮೆಸ್ರೇನು?”

“ಚನ್ನವೀರಯ್ಯ.”

ನಮ್ಮ ಕಡೆ ಹೆಸರು ಕೇಳಿದ ಮೇಲೆ ಜಾತಿಯನ್ನು ಬೇರೆ ಕೇಳಬೇಕಾಗಿಲ್ಲ. ಲೋಟ ಹಿಡಿದ ಅವರ ಕೈ ತಾನಾಗಿ ಹಿಂದಕ್ಕೆ ಹೋಯಿತು. “ಓ, ಗೊತ್ತಾಗ್ನಿಲ್ಲ ಸಾಮಿ, ತಪ್ಪು ತಿಳ್ಕಬ್ಯಾಡಿ. ಇರಿ, ಅಂಗ್ಡಿಯಿಂದ ಸೀಲ್ ಒಡೀದಿರೋ ಜ್ಯೂಸ್ ತತ್ತೀನಿ” ಎಂದು ಲೋಟವನ್ನು ಜಗುಲಿಯ ಮೇಲಿಟ್ಟು, ಸೆರಗನ್ನು ತಲೆಗೆಳೆದುಕೊಂಡು ಆ ಬಿಸಿಲಿಗೆ ಬೀದಿಗಿಳಿದೇಬಿಟ್ಟರು. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ಸಿಟ್ಟು ಬಂತು. ಶಾಂತಲಾ ಮೇಲೆ, ಕುಣಿಗಲ್‌ನ ಆ ಫೋಟೊದವನ ಮೇಲೆ, ನನ್ನ ಬಾಟ್ಲಿಯ ಮೇಲೆ. ನನಗೆ ಆ ಬುದ್ಧಿ ಇಲ್ಲ ಎಂದು ಕೂಗಿ ಹೇಳಬೇಕೆನ್ನಿಸಿತು. ಗೇಟಿನಾಚೆ ನಿಂತುಕೊಂಡು ಅದನ್ನು ಹೇಳಿದರೆ ಯಾರು ನಂಬುತ್ತಾರೆ? “ಅಜ್ಜಿ, ಬನ್ನಿ ಇಲ್ಲಿ” ಎಂದು ಕರೆದು, ಗೇಟು ತೆಗೆದು, ಜಗುಲಿ ಮೇಲಿದ್ದ ಲೋಟ ಎತ್ತಿಕೊಂಡು, ಚಪ್ಪಲಿ ಬಿಟ್ಟು ನೇರ ಅವರ ನಡುಮನೆಗೆ ಹೋಗಿ ಕುಳಿತೆ. ನೀರು ಕುಡಿದೆ. ಇನ್ನೊಂದು ಲೋಟ ಕೇಳಿ ಕುಡಿದೆ.

ಕದರಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. “ನಮ್ಮ ಯಜಮಾನ್ರು ಇರ್ಬೇಕಾಗಿತ್ತು” ಎಂದರು. ಕಣ್ಣು ಒರೆಸಿಕೊಂಡರು.

ಹಾಗೆ ತಲೆ ಎತ್ತಿದಾಗ ಚಾವಣಿ ಕಂಡಿತು. ಬೀದಿ ಕಡೆಯ ಒಂದು ಕೋಣೆಗೆ ಮಾತ್ರ ಆರ್‌ಸಿಸಿ ಹಾಕಿದ್ದರು. ನಡುಮನೆಯಿಂದ ಹಿಂದಕ್ಕೆ ಪೂರ್ತಿ ಸಿಮೆಂಟ್ ಶೀಟು. ಆ ಎತ್ತರದ ಪ್ಯಾರಪೆಟ್ ಎಲ್ಲವನ್ನೂ ಮುಚ್ಚಿಟ್ಟಿತ್ತು. ಹೊರಗಿನಿಂದ ನೋಡಿದವನು ಪೂರ್ತಿ ಆರ್‌ಸಿಸಿ ಮನೆ ಎಂದೇ ಬರೆಯುತ್ತಾನೆ. ಶೀಟು ಎಂದು ಬರೆದರೆ ಬೆಲೆ ಅರ್ಧಕ್ಕಿಳಿಯುತ್ತದೆ, ಗಂಗರಾಜುವಿನ ಮಷೀನು ಬರುವುದಿಲ್ಲ.

“ದುಡ್ಡು ಬಂದಂಗ್ ಬಂದಂಗೆ ಹಿಂದಕ್ಕೂ ಹಾಕ್ಸದು ಅಂತ ಮಗ ಅಂತವ್ನೆ” ಎಂದರು ಕದರಮ್ಮ, ಏನೂ ಮುಚ್ಚಿಡದೆ. ಗೇಟಿನವರೆಗೂ ಬಂದು, ತಗ್ಗಿದ ದನಿಯಲ್ಲಿ ಆಸೆಯಿಂದ ಕೇಳಿದರು. “ಸಾಮಿ, ನೀವು ನಮ್ಮನೆ ಒಳಿಕೆ ಬಂದಿದ್ದು, ನೀರ್ ಕುಡ್ದಿದ್ದು, ಅದ್ನೂ ಬರ್ಕತೀರಾ?”

“ಹೂಂ ಅಜ್ಜಿ” ಎಂದುಬಿಟ್ಟೆ.

ಗುಬ್ಬಿಯ ಹೋಟೆಲಿನಲ್ಲಿ ಟೀ ಮುಂದಿಟ್ಟುಕೊಂಡು ಮೊಬೈಲಿನಲ್ಲಿ ರಿಪೋರ್ಟ್ ತೆರೆದೆ. ‘ಒಳಗೆ ಪ್ರವೇಶಿಸಲಾಗಿದೆಯೇ?’ ಎಂಬ ಪ್ರಶ್ನೆ. ಟೀ ಕೆನೆಗಟ್ಟಿತು. ಎದ್ದು ಹೊರಗೆ ಹೋಗಿ ಬಂದೆ, ಮತ್ತೆ ಕುಳಿತೆ. ನೋಡಿದ್ದನ್ನು ನೋಡಿಲ್ಲ ಎನ್ನುವುದು ಕಸುಬಿಗೆ ದ್ರೋಹ. ನೋಡಿದೆ ಎಂದರೆ, ನನ್ನನ್ನು ಒಳಗೆ ಕರೆದ ತಪ್ಪಿಗೆ ಆ ಮನೆಯವರಿಗೆ ಪೆಟ್ಟು. ಕಡೆಗೆ ‘ಇಲ್ಲ’ ಒತ್ತಿದೆ. ಚಾವಣಿಯ ಮುಂದೆ ‘ಹೊರಗಿನಿಂದ ಕಂಡಂತೆ ಆರ್‌ಸಿಸಿ’ ಎಂದು ಬರೆದೆ. ಅವರಿಗಾಗಿ ಒತ್ತಿದೆನೋ, ನನ್ನ ಕೆಲಸ ಉಳಿಯಲೆಂದು ಒತ್ತಿದೆನೋ, ಇವತ್ತಿಗೂ ಖಾತ್ರಿಯಿಲ್ಲ.

ಮುಂದಿನ ವಾರ ಶಾಂತಲಾ ಫೋನ್ ಮಾಡಿದರು.

“ಚನ್ನವೀರಯ್ಯನವರೇ, ಗಂಗರಾಜು ಮತ್ತೆ ಅವ್ರ ತಾಯಿ ಸಾಲದ ಪೇಪರ್‌ಗೆ ಸೈನ್ ಹಾಕೋಕೆ ಬಂದಿದಾರೆ. ನೀವು ಮನೆ ಒಳಗೆ ಬಂದು ನೀರು ಕುಡಿದ್ರಿ ಅಂತ ಈ ಅಜ್ಜಿ ಬ್ಯಾಂಕಲ್ಲೆಲ್ಲಾ ಹೇಳ್ತಿದಾರೆ. ನಿಮ್ಮ ರಿಪೋರ್ಟಲ್ಲಿ ಇಲ್ಲ ಅಂತಿದೆ. ಒಳಗೆ ಹೋಗಿದ್ರೆ ನಾನು ಇದನ್ನ ನಿಲ್ಲಿಸಿ ಬೇರೆಯವ್ರನ್ನ ಕಳಿಸ್ಬೇಕು. ಸ್ಪೀಕರ್ ಹಾಕಿದೀನಿ, ಹೇಳಿ.”

ಹಿಂದಿನಿಂದ ಕದರಮ್ಮನ ದನಿ ಕೇಳಿತು, ಹೆಮ್ಮೆಯ ದನಿ. “ಕೇಳವ್ವ, ಅವ್ರೇ ಯೋಳ್ತಾರೆ.”

“ಇಲ್ಲ ಮೇಡಂ” ಎಂದೆ. “ಗೇಟ್ ಆಚೇನೇ ನಿಂತಿದ್ದೆ.”

“ನೀರು?”

“ಕುಡಿಲಿಲ್ಲ. ನನ್ನ ಹತ್ರ ಬಾಟ್ಲಿ ಇತ್ತು.”

ಆಮೇಲೆ ಕದರಮ್ಮ ನಿಧಾನವಾಗಿ ಹೇಳಿದರು.

“ಹೂಂ ಕಣವ್ವ. ಬೀದೀಲೇ ನಿಂತಿದ್ರು. ನಾನೇ ಬನ್ನಿ ಬನ್ನಿ ಅಂತ ಕರ್ದೆ. ನಮ್ಮನೆ ಒಳಿಕೆ ಅವ್ರು ಯಾಕ್ ಬಂದಾರು? ವಯಸ್ಸಾಯ್ತಲ್ಲ, ಏನೇನೋ ಅಂದ್ಕಂಬುಡ್ತೀನಿ. ಎಲ್ಲಿ ಹೆಬ್ಬೆಟ್ಟು ಒತ್ಬೇಕು, ತೋರ್ಸು.”

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಶಾಂತಲಾ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟುಬಿಟ್ಟಿದ್ದರು.